ಖಾಲಿ ಎಂದು ಮರಳಿ ಬಂದ ಟೇಪು

ಫೆಬ್ರವರಿ 3

ಸಿಡುಕಿಗೆ,

ಮೂರು ವರ್ಷದ ಮೇಲೆ ಅಪ್ಪನ ಕಾಗದ ಬಂತೆಂದರೆ ಯಾರೋ ಹೋಗಿರಬೇಕು ಎಂದು ಗಾಬರಿಯಾಗಬೇಡ. ನಿನ್ನ ಅಮ್ಮ ತೀರಿಹೋದ ಮೇಲೆ ನಮ್ಮ ಪೈಕಿ ಯಾರೂ ಹೋಗಿಲ್ಲ. ವಿಳಾಸವನ್ನು ನಿನ್ನ ಚಿಕ್ಕಮ್ಮನಿಂದ ಕಾಡಿ ಬೇಡಿ ತೆಗೆದುಕೊಂಡೆ. ಕೊಡುವ ಮೊದಲು ಅವಳು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಾಳೆ: ಕೆಲಸದ ವಿಷಯ ಮಾತ್ರ ಬರೆಯಬೇಕು, ಉಪದೇಶ ಕೂಡದು.

ಆದ್ದರಿಂದ ಕೆಲಸದ ವಿಷಯ. ಹೋದ ವಾರ ಒಬ್ಬ ಸಂಗೀತ ಪತ್ರಿಕೆಯ ಸಂಪಾದಕ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. ಕೈಚಳಕದಲ್ಲಿ ಜಾಝ್ ಡ್ರಮ್ಮರ್ ಹೆಚ್ಚೋ ರಾಕ್ ಡ್ರಮ್ಮರ್ ಹೆಚ್ಚೋ, ಎರಡು ಪುಟದಲ್ಲಿ ಬರೆದುಕೊಡಿ ಎಂದ. ನಲವತ್ತು ವರ್ಷ ಒಂದೇ ಹೋಟೆಲಿನ ಒಂದೇ ಮೂಲೆಯಲ್ಲಿ ಜಾಝ್ ಬಾರಿಸಿದವನಿಗೆ ಅರ್ಧ ಮಾತ್ರ ಗೊತ್ತು ಎಂದೆ. ಇನ್ನರ್ಧ ಗೊತ್ತಿರುವವರು ಮನೆಯಲ್ಲೇ ಇದ್ದಾರಂತಲ್ಲ ಎಂದ. ಮನೆಯಲ್ಲಿಲ್ಲ ಎಂದೆ.

ನನ್ನ ಅರ್ಧವನ್ನು ಬರೆದಾಗಿದೆ. ಬಲಗೈ ದೊಡ್ಡ ಕಂಚಿನ ತಟ್ಟೆಯ ಮೇಲೆ ನಡೆಯುತ್ತಿರುತ್ತದೆ. ಎಡಗೈ ಪಿಯಾನೊದವರ ಜೊತೆ ಮಾತಾಡುತ್ತಿರುತ್ತದೆ. ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ತಟ್ಟೆಯನ್ನು ಮುಚ್ಚಿ ತೆರೆಯುತ್ತದೆ. ಬಲಗಾಲು ಕೆಳಗಿನ ದೊಡ್ಡ ಡ್ರಮ್ಮನ್ನು ಎಷ್ಟು ಮೆತ್ತಗೆ ಮುಟ್ಟಬೇಕೆಂದರೆ, ಇದ್ದಾಗ ಗೊತ್ತಾಗಬಾರದು, ನಿಂತರೆ ಗೊತ್ತಾಗಬೇಕು. ನಾಲ್ಕು ಕೈಕಾಲಿಗೆ ನಾಲ್ಕು ಬೇರೆ ಬೇರೆ ಕೆಲಸ. ನಿಮ್ಮ ರಾಕ್‌ನಲ್ಲಿ ನಾಲ್ಕೂ ಸೇರಿ ಒಂದೇ ಮೊಳೆ ಹೊಡೆಯುತ್ತವೆ ಎಂಬುದು ನನ್ನ ತಿಳಿವಳಿಕೆ. ಇದು ತಪ್ಪಿದ್ದರೆ ತಿದ್ದು. ಎರಡು ಗಂಟೆ ಬಾರಿಸಿದರೂ ನಿನ್ನ ಬಲಗಾಲು ಸೋಲದೆ ಇರುವುದು ಹೇಗೆ ಎಂಬುದನ್ನೂ ಬರೆ. ಅದು ನನಗೆ ನಿಜಕ್ಕೂ ಗೊತ್ತಿಲ್ಲ.

ನನ್ನ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ.

ಇಂತಿ,
ಅಪ್ಪ


ಫೆಬ್ರವರಿ 19

ಅಪ್ಪ,

ಕಲ್ಲು ಒಡೆಯುವವಳು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಟೈರ್ ಅಂಗಡಿಯ ಹಿಂದಿನ ನಮ್ಮ ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಒಂದೇ ಮೊಳೆ ಎಂಬ ಮಾತಿಗೆ ಬ್ಯಾಂಡಿನ ಹುಡುಗರು ಬಿದ್ದು ಬಿದ್ದು ನಕ್ಕರು. ಬೇಸ್ ಗಿಟಾರ್ ನುಡಿಸುವವನಿಗೆ ಉದ್ದಣ್ಣ ಎಂದು ಹೆಸರಿಟ್ಟಿದ್ದೇವೆ, ಬಾಗದೆ ಯಾವ ಬಾಗಿಲಲ್ಲೂ ತೂರಲಾರ. ಅವನು ಮಾತ್ರ ನಗಲಿಲ್ಲ. "ಆ ಮೊಳೆ ಒಂದ್ ಕೂದಲು ಆಚೆ ಈಚೆ ಆದ್ರೆ ನಾವ್ ಮೂರೂ ಜನ ಬೀಳ್ತೀವಿ ಅಂತ ಬರಿ" ಅಂದ. ಬರೆದಿದ್ದೇನೆ.

ಹೌದು, ಒಂದೇ ಮೊಳೆ. ಆದರೆ ನಾಲ್ಕು ನಿಮಿಷದಲ್ಲಿ ಅದನ್ನು ನಾನೂರು ಸಲ, ಒಂದೇ ಜಾಗದಲ್ಲಿ, ಒಂದೇ ತೂಕದಲ್ಲಿ ಹೊಡೆಯಬೇಕು. ಮೊದಲನೆಯ ಏಟಿಗೂ ನಾನೂರನೆಯ ಏಟಿಗೂ ವ್ಯತ್ಯಾಸ ಕಂಡರೆ ಹಾಡು ಸತ್ತಿತು. ನಿಮ್ಮ ಜಾಝಿನಲ್ಲಿ ಒಂದು ಏಟು ತಪ್ಪಿದರೆ ಅದನ್ನೇ ಇನ್ನೆರಡು ಸಲ ತಪ್ಪಿಸಿ, ಬೇಕೆಂದೇ ಮಾಡಿದೆ ಎಂದು ಮೀಸೆ ತಿರುವಬಹುದು. ನಾನು ತಪ್ಪಿದರೆ ಎರಡು ಸಾವಿರ ಜನರ ಕಾಲು ಒಟ್ಟಿಗೆ ತಪ್ಪುತ್ತದೆ. ಬಲಗಾಲು ಸೋಲುತ್ತದೆ ಅಪ್ಪ, ಸೋಲದೆ ಏನು. ತೊಡೆಯಿಂದ ಒದೆಯುವುದನ್ನು ಬಿಟ್ಟು ಹಿಮ್ಮಡಿ ಎತ್ತಿ ಹಗ್ಗದ ಹಾಗೆ ಸಡಿಲ ಬಿಡುವುದನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು. ನಂಬದಿದ್ದರೆ ನೀನೇ ಕೂತು ನೋಡು. ನಮ್ಮ ಯಾವುದಾದರೂ ಹಾಡು, ನಾಲ್ಕು ನಿಮಿಷ.

ಹತ್ತಿಯ ವಿಷಯ ಎತ್ತಬಾರದು ಎಂದು ಇಷ್ಟು ಹೊತ್ತು ತಡೆದೆ. ಆಗುತ್ತಿಲ್ಲ. ನನ್ನ ಮೊದಲ ದೊಡ್ಡ ಕಾರ್ಯಕ್ರಮಕ್ಕೆ ನಿಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ನೀನು ಕೋಟಿನ ಜೇಬಿನಿಂದ ಹತ್ತಿ ತೆಗೆದು, ಎರಡು ಉಂಡೆ ಮಾಡಿ, ನಾನು ನೋಡುತ್ತಿರುವಾಗಲೇ ಕಿವಿಗೆ ತುರುಕಿಕೊಂಡೆ. ಮೂರನೆಯ ಹಾಡಿಗೆ ಎದ್ದು ಹೋದೆ. ಕಲ್ಲು ಒಡೆಯುವುದಕ್ಕೂ ಇಷ್ಟೇ ವಿದ್ಯೆ ಸಾಕು ಎಂದು ಬಾಗಿಲಲ್ಲಿ ಯಾರಿಗೋ ಹೇಳಿದೆಯಂತೆ. ಅಮ್ಮ ಕೊನೆಯವರೆಗೂ ಕೂತಿದ್ದು, ಒಬ್ಬಳೇ ಹಿಂಬಾಗಿಲಿಗೆ ಬಂದು ನನ್ನ ಒದ್ದೆ ಬೆನ್ನು ಒರೆಸಿದಳು. ಅದನ್ನು ನಾನು ಮರೆತಿಲ್ಲ. ಎರಡನ್ನೂ ಮರೆತಿಲ್ಲ.

ಇನ್ನೇನಾದರೂ ಬೇಕಿದ್ದರೆ ಕಾಗದವೇ ಬರೆ, ಫೋನು ಬೇಡ. ಇಲ್ಲಿನ ಫೋನು ಕೆಟ್ಟಿದೆ, ಗಂಟೆ ಬಾರಿಸುವುದೇ ಇಲ್ಲ. ಬಾರಿಸುತ್ತದೆ, ನೀನೇ ಎತ್ತುವುದಿಲ್ಲ ಎಂದು ಮನೆ ಒಡತಿ ದಿನಾ ಜಗಳ ತೆಗೆಯುತ್ತಾಳೆ.

ಸಿಡುಕಿ


ಮಾರ್ಚ್ 8

ಸಿಡುಕಿ,

ಕೂತು ನೋಡಿದೆ. ಸಾಕ್ಷಿಗಿರಲಿ ಎಂದು ಕೆಳಗಿನ ಕ್ಷೌರದಂಗಡಿಯವನನ್ನು ಕರೆದೆ. ಅವನು ಗಡಿಯಾರ ಹಿಡಿದು ನಿಂತ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ನನ್ನ ಮೀನಖಂಡ ಹಿಡಿದುಕೊಂಡಿತು. ಎರಡು ನಿಮಿಷಕ್ಕೆ ಎಡಗೈ ಏಟುಗಳು ಒಂದು ಗಟ್ಟಿ, ಒಂದು ಪೊಳ್ಳು. ಮೂರನೆಯ ನಿಮಿಷ ನಾನು ನೋಡಲೇ ಇಲ್ಲ. ಅವನು ನನ್ನನ್ನು ಹಿಡಿದು ಎಬ್ಬಿಸಿ ನೀರು ಕೊಟ್ಟು, "ಇದೆಲ್ಲಾ ನಿಮ್ ವಯಸ್ಸಿಗೆ ಬೇಕಾ ಸಾರ್" ಅಂದ. ವಯಸ್ಸಿನ ಮಾತಲ್ಲ ಇದು. ಇಪ್ಪತ್ತೈದರಲ್ಲೂ ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಪತ್ರಿಕೆಗೆ ಬರೆಯುತ್ತೇನೆ. ಕುಣಿಯಲಾರದೆ ನೆಲ ಡೊಂಕು ಎಂದವನು ನಾನು.

ಹತ್ತಿಯ ವಿಷಯವಾಗಿ ನಾಲ್ಕು ಹಾಳೆ ಬರೆದು ಹರಿದೆ. ಬಾಯಲ್ಲಿ ಬಾರದ್ದು, ಪೆನ್ನಿನಲ್ಲೂ ಬಾರದ್ದು ನನಗೆ ಕೈಯಲ್ಲಿ ಬರುತ್ತದೆ, ನಿನಗೇ ಗೊತ್ತು. ಕ್ಷೌರದವನ ರೆಕಾರ್ಡರ್ ಕಡ ತಂದು ಒಂದು ಟೇಪು ತುಂಬಿಸಿದ್ದೇನೆ. ಏನೆಂದು ಹೇಳುವುದಿಲ್ಲ. ನಿನಗೆ ಮಾತು ಬರುವ ಮೊದಲೇ ನೀನು ಕೇಳಿದ್ದು, ಕೇಳಿದೊಡನೆ ಗುರುತು ಸಿಗುತ್ತದೆ. ಎರಡೂ ಬದಿ ಕೇಳು. ಪೂರ್ತಿ ಕೊನೆಯವರೆಗೆ ಕೇಳು, ನಡುವೆ ಏಳಬೇಡ. ಎದ್ದು ಹೋದವನೇ ಹೀಗೆ ಬೇಡುತ್ತಿದ್ದಾನೆ ಎಂದು ನಗು ಬೇಕಿದ್ದರೆ, ಆದರೆ ಏಳಬೇಡ.

ನಿನ್ನ ಉತ್ತರ ಬರುವವರೆಗೆ ನನಗೆ ಬೇರೆ ಕೆಲಸವಿಲ್ಲ.

ಅಪ್ಪ


ಏಪ್ರಿಲ್ 2

ಮಾನ್ಯರೇ,

ಟೇಪು ತಲುಪಿತು. ಬ್ಯಾಂಡಿನ ವ್ಯಾನಿನ ಗದ್ದಲದಲ್ಲಿ ಕೇಳಲಿಲ್ಲ. ರೂಮಿನ ಬಾಗಿಲು, ಕಿಟಕಿ ಎಲ್ಲ ಹಾಕಿ, ದನಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿ, ಮಂಚದ ಮೇಲೆ ಕೂತು ಎರಡೂ ಬದಿ ಕೇಳಿದೆ. ಒಂದು ಗಂಟೆ. ಕೊನೆಯವರೆಗೂ ಏಳಲಿಲ್ಲ.

ಖಾಲಿ ಟೇಪಿನ ಸುಂಯ್ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಟಕ್ ಎಂದು ರೆಕಾರ್ಡರಿನ ಸದ್ದು. ಒಂದು ಏಟಿಲ್ಲ, ಒಂದು ಮಾತಿಲ್ಲ. ಮೊದಲ ಬದಿ ಮುಗಿಯುವಾಗಲೂ, ಇನ್ನೊಂದು ಬದಿಯಲ್ಲಿ ಇರಬಹುದು ಎಂದುಕೊಂಡೇ ಇದ್ದೆ.

ತಮಾಷೆ ಅರ್ಥವಾಯಿತು. ಗದ್ದಲ ಮಾಡುವವರಿಗೆ ಮೌನದ ಪಾಠ. ಕೋಣನ ಮುಂದೆ ಕಿನ್ನರಿ ಎಂದು ಹೋಟೆಲಿನ ಗಿರಾಕಿಗಳನ್ನು ಬೈಯುತ್ತಿದ್ದೆಯಲ್ಲ, ಈ ಸಲ ಕೋಣಕ್ಕೆ ಕಿನ್ನರಿಯೂ ದಂಡ ಎನಿಸಿತೇನೋ. ಗುರುತು ಸಿಗುತ್ತದೆ ಎಂದಿದ್ದೆ. ಸಿಕ್ಕಿತು, ನಿನ್ನದೇ ಗುರುತು.

ನಿನ್ನ ಟೇಪನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಇನ್ನು ಬರೆಯಬೇಡ.

ಒಬ್ಬ ಡ್ರಮ್ಮರ್


ಏಪ್ರಿಲ್ 15

ಸಿಡುಕಿ,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಓದು, ಆಮೇಲೆ ಬಯ್ಯಿ.

ನಿನ್ನ ಪೊಟ್ಟಣ ಬಂದು ಎರಡು ದಿನ ನನಗೆ ಸಿಟ್ಟು ಇಳಿಯಲಿಲ್ಲ. ಕೇಳಿಯೂ ಕೇಳಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡೆ. ಆ ಟೇಪಿನ ಕೊನೆಯಲ್ಲಿ ನಾನು ಮಾತಾಡಿದ್ದೇನೆ, ಒಂದು ಮಾತಿಲ್ಲ ಎಂದು ನೀನು ಬರೆದದ್ದು ಉರಿ ಹತ್ತಿಸಿತು. ಮೂರನೆಯ ದಿನ, ಯಂತ್ರವೇ ಕೈಕೊಟ್ಟಿರಬಹುದು, ಸುಮ್ಮನೆ ಹುಡುಗಿಯನ್ನು ಬಯ್ಯುತ್ತಿದ್ದೇನೆ ಎನ್ನಿಸಿ, ಟೇಪನ್ನು ಹಾಕಿದೆ.

ಎಲ್ಲವೂ ಇದೆ. ಮೊದಲಿಂದ ಕೊನೆಯವರೆಗೆ ಇದೆ.

ನನ್ನ ಕಿವಿಯನ್ನೂ ನಂಬದೆ ಕ್ಷೌರದವನನ್ನು ಕರೆದೆ. ಏನು ಕೇಳಿಸುತ್ತದೆ ಎಂದು ಮಾತ್ರ ಕೇಳಿದೆ, ಬೇರೇನೂ ಹೇಳಲಿಲ್ಲ. ಅವನು ಹೊಸ್ತಿಲಲ್ಲೇ ನಿಂತು, "ಯಾರೋ ಅಂಗಳ ಗುಡಿಸ್ತಿರೋ ಹಾಗಿದೆ ಸಾರ್. ಆದ್ರೆ ತಾಳಕ್ಕೆ ಗುಡಿಸ್ತಿದಾರೆ" ಅಂದ. ಕೂತು ಎರಡನೆಯ ಬದಿಯನ್ನೂ ಕೇಳಿದ. ನನ್ನ ಮಾತು ಬಂದಾಗ ತಲೆ ತಗ್ಗಿಸಿ, ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಎದ್ದು ಹೋದ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ನಿನ್ನ ಫೆಬ್ರವರಿಯ ಕಾಗದ ತೆಗೆದು ಓದಿದೆ. ಗಂಟೆಯೇ ಬಾರಿಸದ ಫೋನು. ಬಾರಿಸುತ್ತದೆ ಎನ್ನುವ ಮನೆ ಒಡತಿ.

ಮರಿ, ಟೇಪು ಖಾಲಿಯಿಲ್ಲ. ನಿನ್ನ ಕಿವಿ ತೋರಿಸಿಕೋ. ನಾಳೆಯೇ ಹೋಗು.

ಇದನ್ನು ನೀನು ಹೇಗೆ ಓದುತ್ತೀಯ ಎಂದು ನನಗೆ ಗೊತ್ತು. ರಾಕ್ ಬಾರಿಸುವವರಿಗೆ ಮೆತ್ತಗಿನದು ಕೇಳುವುದಿಲ್ಲ ಎಂದು ಊಟದ ಮೇಜಿನಲ್ಲಿ ನೂರು ಸಲ ಹೇಳಿದ್ದೇನೆ. ಅದು ಹೊಟ್ಟೆಕಿಚ್ಚಿನ ಮಾತು, ಗೆಲ್ಲುವ ಮಾತು. ನಿಜವಾಗಲಿ ಎಂದು ಹೇಳಿದ್ದಲ್ಲ. ಈ ವಾದದಲ್ಲಿ ನಾನು ಸೋತಿರಬೇಕು, ದೊಡ್ಡದಾಗಿ ಸೋತಿರಬೇಕು ಎಂದು ಹಂಬಲಿಸುತ್ತಾ ಕೂತಿದ್ದೇನೆ. ವೈದ್ಯರು ಕಿವಿ ಚೆನ್ನಾಗಿದೆ ಎಂದರೆ ಬಂದು ನನ್ನ ಮುಖದ ಮೇಲೆ ನಗು.

ಅಪ್ಪ


ಮೇ 20

ಸಿಡುಕಿ,

ಐದು ವಾರವಾಯಿತು. ನೀವು ಊರೂರು ಸುತ್ತುತ್ತಿದ್ದೀರಿ ಎಂದಳು ಚಿಕ್ಕಮ್ಮ. ಉದ್ದಣ್ಣನ ವಿಳಾಸ ಕೇಳಿದರೆ ಕೊಡಲಿಲ್ಲ. ಬಾರಿಸುತ್ತಿದ್ದೀಯಾ? ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆ.

ಪತ್ರಿಕೆಯವನಿಗೆ ಲೇಖನ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಅಪ್ಪ


ಜೂನ್ 11

ಅಪ್ಪ,

ನಿನ್ನ ಏಪ್ರಿಲ್ ಕಾಗದವನ್ನು ಒಂದೂವರೆ ತಿಂಗಳು ಜೇಬಿನಲ್ಲಿಟ್ಟುಕೊಂಡು ಬಾರಿಸಿದೆ. ಹದಿನೇಳು ಕಾರ್ಯಕ್ರಮ. ಪ್ರತಿ ಕಾರ್ಯಕ್ರಮದಲ್ಲೂ ಹೈ-ಹ್ಯಾಟಿನ ಕಡೆ ಕಿವಿಗೊಟ್ಟೆ. ಅದರ ಸದ್ದು ನನಗೆ ಕೇಳಿಸುತ್ತಿದೆಯೋ, ಹೀಗಿರಬೇಕು ಎಂಬ ನೆನಪಿದೆಯೋ ಹೇಳಲಾಗಲಿಲ್ಲ. ಎಷ್ಟು ಕಾಲದಿಂದ ನೆನಪಿನಿಂದಲೇ ಬಾರಿಸುತ್ತಿದ್ದೇನೋ.

ಹೋದ ವಾರ ತೋರಿಸಿದೆ. ಗಾಜಿನ ಕಿಟಕಿಯಿರುವ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗೆಲ್ಲ ಒತ್ತಬೇಕು. ಮೊದಲು ಕೆಲವು ಸಲ ಒತ್ತಿದೆ. ಆಮೇಲೆ ಅವರು ನಿಲ್ಲಿಸಿದರು. ವಿರಾಮ ಇರಬೇಕು ಎಂದು ನಾನೂ ಸುಮ್ಮನೆ ಕೂತೆ. ತುಂಬಾ ಹೊತ್ತಾಯಿತು. ತಲೆಯೆತ್ತಿ ನೋಡಿದರೆ ಗಾಜಿನ ಆಚೆ ನರ್ಸ್ ಒಂದೇ ಸಮನೆ ತನ್ನ ಯಂತ್ರದ ಗುಂಡಿ ಒತ್ತುತ್ತಿದ್ದಾಳೆ, ನನ್ನ ಮುಖ ನೋಡುತ್ತಾಳೆ, ಮತ್ತೆ ಒತ್ತುತ್ತಾಳೆ. ಅಲ್ಲೇ ನನಗೆ ಅಳು ಬಂತು. ಪಾಪ, ಅವಳು ನೀರು ತಂದು ಕೊಟ್ಟಳು.

ಮೇಲಿನ ಸ್ಥಾಯಿಯ ತೆಳ್ಳನೆಯ ಸದ್ದುಗಳು ಎರಡು ಕಿವಿಯಲ್ಲೂ ಹೋಗಿವೆ. ಎಡಗಡೆ ಹೆಚ್ಚು, ಹೈ-ಹ್ಯಾಟ್ ಇರುವ ಕಡೆ. ಪಿಸುಮಾತು ಕೇಳುವುದಿಲ್ಲ. ಟೇಪಿನ ಸುಂಯ್ ಎಂದು ನಾನು ಬರೆದೆನಲ್ಲ, ಅದು ಟೇಪಿನದೂ ಅಲ್ಲವಂತೆ. ನನ್ನ ಕಿವಿಯೊಳಗಿನದು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು, ಮೊದಲೇ ಕಿವಿಗೆ ಏನಾದರೂ ಇಟ್ಟುಕೊಂಡಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದರು ವೈದ್ಯರು.

ಇನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದ್ದು ಈ ಒಂದು ವಿಷಯ. ಮೂರು ವರ್ಷದ ಹಿಂದೆಯೇ ಉದ್ದಣ್ಣ ನಾಲ್ಕೂ ಜನರಿಗೆ ಕಿವಿಗೆ ಇಡುವ ರಬ್ಬರ್ ಬಿರಡೆ ತಂದಿದ್ದ. ಅವರು ಮೂವರೂ ಇಟ್ಟುಕೊಂಡರು. ನಾನು ನನ್ನದನ್ನು ಕಿಟಕಿಯಿಂದ ಎಸೆದೆ. ನೀನು ಮುಂದಿನ ಸಾಲಿನಲ್ಲಿ ಕೂತು ಹತ್ತಿ ಇಟ್ಟುಕೊಂಡ ವಾರವೇ ಅದು. ಕಿವಿ ಮುಚ್ಚಿಕೊಂಡು ಬಾರಿಸಿದರೆ ನೀನು ಹೇಳಿದ್ದನ್ನು ನಾನೇ ಒಪ್ಪಿದ ಹಾಗೆ ಎನ್ನಿಸಿತು. ಇದನ್ನು ನಿನ್ನ ತಲೆಗೆ ಕಟ್ಟಲು ಬರೆಯುತ್ತಿಲ್ಲ. ಸುಳ್ಳೇಕೆ, ಸ್ವಲ್ಪ ಕಟ್ಟಲೂ ಬರೆಯುತ್ತಿದ್ದೇನೆ. ಎಸೆದ ಕೈ ನನ್ನದೇ.

ಈಗ ಬಿರಡೆ ಇಟ್ಟುಕೊಂಡೇ ಬಾರಿಸುತ್ತೇನೆ. ಉಳಿದ ಕಾರ್ಯಕ್ರಮಗಳನ್ನು ಅರ್ಧ ಮಾಡಿದ್ದೇವೆ. ಉದ್ದಣ್ಣ ನನ್ನ ಎದುರಿಗೆ ನಿಂತು ಪಾದದಲ್ಲಿ ತಾಳ ತೋರಿಸುತ್ತಾನೆ, ಬೇಡವೆಂದರೂ ಕೇಳುವುದಿಲ್ಲ.

ಒಂದು ಬೇಡಿಕೆ. ಟೇಪು ನನಗೆ ಮತ್ತೆ ಬೇಡ, ಕಳಿಸಿದರೂ ಅದು ನನಗೆ ಖಾಲಿಯೇ. ಅದರಲ್ಲಿ ಏನಿದೆ ಎಂದು ಬರೆದು ಕಳಿಸು. ಒಂದನ್ನೂ ಬಿಡಬೇಡ. ಕೊನೆಯಲ್ಲಿ ಏನು ಹೇಳಿದೆ ಎಂಬುದನ್ನೂ.

ಸಿಡುಕಿ


ಜೂನ್ 24

ನನ್ನ ಸಿಡುಕಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಎಸೆದ ಕೈ ನಿನ್ನದಿರಬಹುದು, ಎಸೆಯುವಂತೆ ಮಾಡಿದವನು ನಾನು. ಆ ಹತ್ತಿ ನಿಜಕ್ಕೂ ಇರಬೇಕಾಗಿದ್ದದ್ದು ನಿನ್ನ ಕಿವಿಯಲ್ಲಿ. ಅಂದು ವೇದಿಕೆ ಹತ್ತಿ, ಅಪ್ಪನಾಗಿ, ನಾನೇ ಇಡಬೇಕಿತ್ತು. ಅದನ್ನು ಬಿಟ್ಟು ಅವಮಾನ ಮಾಡುವುದಕ್ಕೆ ಬಳಸಿದೆ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ, ನೀನೂ ಹುಡುಕಬೇಡ.

ಸಂಪಾದಕ ಮೊನ್ನೆ ಮತ್ತೆ ಬಂದಿದ್ದ. ಯಾರ ಕೈ ಹೆಚ್ಚು, ಒಂದು ಸಾಲಾದರೂ ಹೇಳಿ ಎಂದ. ತನ್ನ ಡ್ರಮ್ಮಿನ ಅರ್ಧ ಸದ್ದು ಕೇಳಿಸದೆ, ಕೂದಲಷ್ಟೂ ತಪ್ಪದೆ ಮೂರು ಜನರನ್ನು ಎತ್ತಿ ಹಿಡಿದವಳೊಬ್ಬಳಿದ್ದಾಳೆ, ನನ್ನಿಂದ ಆಗುತ್ತಿರಲಿಲ್ಲ ಎಂದೆ. ಬರೆದುಕೊಂಡು ಹೋದ.

ಇನ್ನು ಟೇಪು.

ಮೊದಲ ಬದಿ. ಕುರ್ಚಿ ಕಿರುಗುಟ್ಟುತ್ತದೆ, ನಾನು ಉಸಿರು ಎಳೆದುಕೊಳ್ಳುತ್ತೇನೆ. ಆಮೇಲೆ, ಕೋಲಿನ ಬದಲು ಹಿಡಿಯುವ ತಂತಿಯ ಬ್ರಷ್ಷುಗಳು ಶುರುವಾಗುತ್ತವೆ. ಡ್ರಮ್ಮಿನ ಮೇಲಲ್ಲ, ನಿನ್ನ ಅಮ್ಮನ ಕಂದು ಸೂಟ್‌ಕೇಸಿನ ಮುಚ್ಚಳದ ಮೇಲೆ. ನೀನು ಕೂಸಾಗಿದ್ದಾಗ ಡ್ರಮ್ಮುಗಳು ಹೋಟೆಲಿನಲ್ಲೇ ಇರುತ್ತಿದ್ದವು. ನಿನ್ನ ನಿದ್ದೆ ಕೆಡಬಾರದೆಂದು ಮನೆಯಲ್ಲಿ ಈ ಸೂಟ್‌ಕೇಸಿನ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಆದರೆ ನೀನು ಏಳುತ್ತಿದ್ದದ್ದು ಬಾರಿಸುವಾಗಲ್ಲ, ನಿಲ್ಲಿಸಿದಾಗ. "ನಿಲ್ಲಿಸ್ಬೇಡಿ, ಈಗಷ್ಟೇ ಮಲಗಿದಾಳೆ" ಎನ್ನುತ್ತಿದ್ದಳು ಅಮ್ಮ. ಎಡಗೈ ಮುಚ್ಚಳದ ಮೇಲೆ ವೃತ್ತ ಎಳೆಯುತ್ತಾ ಇರುತ್ತದೆ, ಅಕ್ಕಿ ಕೇರಿದ ಹಾಗೆ ಕೇಳುತ್ತದೆ. ಬಲಗೈ ನಡುನಡುವೆ ಬೆರಳಿನಷ್ಟೇ ಮೆಲ್ಲಗೆ ತಟ್ಟುತ್ತದೆ. ಮೂರನೆಯ ನಿಮಿಷದಲ್ಲಿ ಬ್ರಷ್ಷಿನ ಹಿಡಿ ಸೂಟ್‌ಕೇಸಿನ ಬೀಗಕ್ಕೆ ತಾಗಿ ಟಕ್ ಎನ್ನುತ್ತದೆ. ಆಗಲೂ ಹೀಗೇ ತಾಗುತ್ತಿತ್ತು, ನಿದ್ದೆಯಲ್ಲೇ ನಿನ್ನ ಮುಷ್ಟಿ ಬಿಗಿಯಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಟಕ್ ಎಂದು ಬರೆದಿದ್ದೆಯಲ್ಲ, ಅದು ರೆಕಾರ್ಡರಿನದಲ್ಲ, ಆ ಬೀಗದ್ದು. ಅದು ನಿನಗೆ ಕೇಳಿಸಿದೆ.

ಹನ್ನೊಂದನೆಯ ನಿಮಿಷಕ್ಕೆ ಬೀದಿಯಲ್ಲಿ ಸೈಕಲ್ ಗಂಟೆ. ಇಪ್ಪತ್ತರ ಹೊತ್ತಿಗೆ ನನ್ನ ಮಣಿಕಟ್ಟು ದಣಿದು ವೃತ್ತ ಚಿಕ್ಕದಾಗುತ್ತದೆ. ಆದರೂ ನಿಲ್ಲಿಸಿಲ್ಲ.

ಎರಡನೆಯ ಬದಿ. ಇಲ್ಲಿ ವೇಗ ಹೆಚ್ಚು. ಇದು ನಿಮ್ಮ ಹಾಡಿನ ತಾಳ, ಕೋಲಿನಲ್ಲಿ ಸೋತದ್ದನ್ನು ಬ್ರಷ್ಷಿನಲ್ಲಿ ಬಾರಿಸಿದ್ದೇನೆ. ನಿನ್ನ ತೂಕ ಅದರಲ್ಲಿಲ್ಲ. ನಾಲ್ಕು ನಿಮಿಷ ಪೂರ್ತಿ ಇದೆ. ಆಮೇಲೆ ಮತ್ತೆ ನಿಧಾನ, ಮತ್ತೆ ಅಕ್ಕಿ ಕೇರಿದ ಸದ್ದು, ಬಹಳ ಹೊತ್ತು. ಆಮೇಲೆ ಬ್ರಷ್ಷುಗಳನ್ನು ಮುಚ್ಚಳದ ಮೇಲೆ ಇಡುವ ಸದ್ದು.

ಆಮೇಲೆ ನಾನು ಮಾತಾಡುತ್ತೇನೆ. ಪಿಸುಗುಟ್ಟಿದ್ದೇನೆ, ಜೋರಾಗಿ ಹೇಳುವ ಧೈರ್ಯ ಬರಲಿಲ್ಲ. ಮೆತ್ತಗೆ ಬಾರಿಸುವುದೇ ವಿದ್ಯೆ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವನು ಇದೊಂದನ್ನಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ:

"ಸಿಡುಕಿ, ಅವತ್ತು ಹತ್ತಿ ಇಟ್ಕೊಂಡಿದ್ದು ತಪ್ಪಾಯ್ತು ಕಣಮ್ಮಾ. ನೀನು ಬಾರಿಸಿದ್ದು ನಾನು ಕೇಳ್ಲೇ ಇಲ್ಲ. ಹೊಟ್ಟೆಗೆ ಹಾಕ್ಕೋ."

ಅದಾದ ಮೇಲೂ ಟೇಪು ಏಳು ನಿಮಿಷ ಓಡುತ್ತದೆ. ಎದ್ದು ಗುಂಡಿ ಒತ್ತಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಆ ಏಳು ನಿಮಿಷದಲ್ಲಿ ಏನೂ ಇಲ್ಲ. ಅಷ್ಟನ್ನು ನೀನು ಸರಿಯಾಗಿಯೇ ಕೇಳಿದ್ದೀಯ.

ನಿನ್ನ
ಅಪ್ಪ